ಮೂವರು ಮಾವಿನಹಣ್ಣು

ನನಗೆ ಐದಾರು ವರ್ಷವಿದ್ದಾಗಿನ ಮಾತು. ಬುಟ್ಟಿಯೊಳಗೆ ಇಣುಕಿ, "ಅಜ್ಜೀ, ಮೂವರು ಮಾವಿನಹಣ್ಣು ಮಿಕ್ಕವ್ರೆ" ಎಂದು ಕೂಗಿದ್ದೆನಂತೆ. ಅಜ್ಜಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಹಣ್ಣೇನು ನೆಂಟರಾ ಮಗ, ಮೂವರು ಅನ್ನೋಕೆ? ಹಣ್ಣು ಮೂರು, ಮಕ್ಕಳು ಮೂವರು" ಎಂದರಂತೆ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಬುಟ್ಟಿಯಲ್ಲಿದ್ದದ್ದು ಮೂರೇ ಹಣ್ಣು. ನಾನು ಹೇಳಿದ್ದು ಅಜ್ಜಿಗೆ ಅರ್ಥವೂ ಆಗಿತ್ತು. ಆದರೂ ತಿದ್ದಿದರು, ತಿದ್ದಿ ಮತ್ತೆ ಸೊಪ್ಪಿಗೆ ಕೈಹಾಕಿದರು.

ಕನ್ನಡ ಮಾತಾಡುವವರು ಲೆಕ್ಕ ಹೇಳುವಾಗಲೇ ಎಣಿಸುತ್ತಿರುವುದು ಏನನ್ನು ಎಂಬುದನ್ನೂ ಹೇಳಿಬಿಡುತ್ತಾರೆ. ಎರಡು ಹಸು, ಇಬ್ಬರು ಅಕ್ಕಂದಿರು. ಐದು ರೂಪಾಯಿ, ಐವರು ಪಾಂಡವರು. ಬಸ್ಸು ಬಂತು, ಅತ್ತೆ ಬಂದರು. 'ಮೂವರು' ಎಂದು ಕಿವಿಗೆ ಬಿದ್ದ ಕೂಡಲೇ ಮುಂದೆ ಬರುವುದು ಮನುಷ್ಯರೇ ಎಂದು ಮನಸ್ಸು ಜಾಗ ಮಾಡಿಕೊಂಡು ಕಾಯುತ್ತದೆ. ಆ ಜಾಗಕ್ಕೆ ಮಾವಿನಹಣ್ಣು ಬಂದರೆ ಎಲ್ಲೋ ಎಡವಿದಂತಾಗುತ್ತದೆ. ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯುವಾಗ 'ಟೈಪ್' ಎಂಬ ಪಾಠ ಬಂದ ದಿನ ನನಗೆ ನೆನಪಾದದ್ದು ಆ ಬುಟ್ಟಿ.

ಟೈಪ್ ಎಂದರೆ ಒಂದು ಹೆಸರಿನ ಹಿಂದೆ ಯಾವ ಬಗೆಯ ವಸ್ತು ಇದೆ ಎಂಬ ಒಪ್ಪಂದ. ಇದು ಅಂಕಿ, ಇದು ಅಕ್ಷರಗಳ ಸಾಲು, ಇದು ದಿನಾಂಕ, ಇವರು ಸಂಘದ ಸದಸ್ಯರು. ಟೈಪ್‌ಸ್ಕ್ರಿಪ್ಟ್‌ನಂಥ ಭಾಷೆಯಲ್ಲಿ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಕಂಪೈಲರ್ ಆ ಒಪ್ಪಂದವನ್ನು ಕಾಯುತ್ತದೆ. ಅಂಕಿ ಇರಬೇಕಾದಲ್ಲಿ ಅಕ್ಷರ ಬಂದರೆ ತಡೆದು ನಿಲ್ಲಿಸುತ್ತದೆ. ಆದರೆ ಅದು ಕಣ್ಣುಹಾಯಿಸದ ಸಂದುಗೊಂದುಗಳು ಬಹಳ. ಅಲ್ಲಿ ಕಾವಲು ಕೂರುವುದು ಲಿಂಟ್ ನಿಯಮಗಳು. ಅವು ಪ್ರೋಗ್ರಾಮನ್ನು ಓಡಿಸುವುದಿಲ್ಲ, ಓದುತ್ತವೆ. ಓದಿ, ಅನುಮಾನ ಬಂದಲ್ಲಿ ಪದದ ಕೆಳಗೆ ಅಲೆಅಲೆಯಾಗಿ ಒಂದು ಕೆಂಪು ಗೆರೆ ಎಳೆಯುತ್ತವೆ.

ಆ ಕೆಂಪು ಗೆರೆ ನನಗೆ ಇಷ್ಟ. ಹದಿನೈದು ವರ್ಷದಿಂದ ಕೋಡ್ ಬರೆದೇ ಅನ್ನ ತಿನ್ನುತ್ತಿದ್ದೇನೆ, ಈ ಕೆಲಸದಲ್ಲಿ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಯಾವುದು ಎಂದು ಕೇಳಿದರೆ ಹೊಸದಾಗಿ ಕಟ್ಟಿದ ಯಾವುದನ್ನೂ ತೋರಿಸಲಾರೆ. ಭಾನುವಾರ ಬೆಳಿಗ್ಗೆ ಮನೆಯವರು ಏಳುವ ಮುಂಚೆ ಎರಡು ಗಂಟೆ ಕೂತು, ನಮ್ಮೂರ ಹಾಲಿನ ಡೈರಿಗೆಂದು ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಮಿನಲ್ಲಿ ಒಂದೊಂದೇ ಕೆಂಪು ಗೆರೆಯನ್ನು ತೆಗೆದುಕೊಂಡು ಅದು ಏನು ಕೇಳುತ್ತಿದೆ ಎಂದು ನೋಡುವುದೇ ನನ್ನ ಖುಷಿ.

ಇದರ ಮೂಲ ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಅಮೆರಿಕದ ಬೆಲ್ ಲ್ಯಾಬ್ಸ್ ಮತ್ತು ಸ್ಟೀಫನ್ ಜಾನ್ಸನ್ ಎಂಬ ಹೆಸರು. ಯಾಕ್ ಎಂಬ ಸಾಧನವನ್ನೂ, ಬೇರೆಬೇರೆ ಯಂತ್ರಗಳಿಗೆ ಒಗ್ಗಿಸಬಹುದಾದ ಸಿ ಕಂಪೈಲರನ್ನೂ ಬರೆದವರು ಅವರು. 1970ರ ದಶಕದಲ್ಲಿ ಸಿ ಭಾಷೆಯ ಕಂಪೈಲರ್ ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಓದುತ್ತಿತ್ತು. ಒಂದು ಫೈಲಿನಲ್ಲಿ ಎರಡು ಅಂಕಿ ಬೇಡುವ ಫಂಕ್ಷನ್ ಇದ್ದು, ಇನ್ನೊಂದು ಫೈಲಿನವರು ಅದಕ್ಕೆ ಮೂರು ಕೊಟ್ಟರೂ ಕೇಳುವವರಿರಲಿಲ್ಲ. ಪುಟ್ಟ ಯಂತ್ರಗಳ ಕಾಲವದು, ಕಂಪೈಲರ್ ಚುರುಕಾಗಿರಬೇಕಿತ್ತು. ಜಾನ್ಸನ್ ಕಟ್ಟುನಿಟ್ಟನ್ನು ಕಂಪೈಲರಿನೊಳಗೆ ತುರುಕಲಿಲ್ಲ. ಎಲ್ಲ ಫೈಲುಗಳನ್ನೂ ಒಟ್ಟಿಗೆ ಓದಿ, ಕೊಟ್ಟದ್ದಕ್ಕೂ ಬೇಡಿದ್ದಕ್ಕೂ ತಾಳೆ ನೋಡುವ ಬೇರೊಂದು ಪ್ರೋಗ್ರಾಮ್ ಬರೆದರು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಪುಡಿಗೆ ಇಂಗ್ಲಿಷಿನಲ್ಲಿ ಇರುವ 'ಲಿಂಟ್' ಎಂಬ ಹೆಸರನ್ನೇ ಅದಕ್ಕಿಟ್ಟರು. 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಅದು ಊರೂರಿಗೆ ಹೋಯಿತು. ಆ ತಾಳೆ ನೋಡುವ ಕೆಲಸ ಸಿ ಭಾಷೆಯ ಒಳಗೇ ಬಂದದ್ದು 1989ರ ಪ್ರಮಾಣೀಕರಣದ ನಂತರ. ಅಂದರೆ ಹತ್ತು ವರ್ಷ ಒಂದು ಭಾಷೆಯ ಟೈಪ್ ಸುರಕ್ಷತೆಯ ಬಹುಭಾಗ ಆ ಭಾಷೆಯ ಹೊರಗಡೆ, ಒಬ್ಬ ಓದುಗನ ಕಣ್ಣಿನಲ್ಲಿತ್ತು. ಈ ಸಂಗತಿ ನನಗೆ ಬಹಳ ಹಿತ. ಭಾಷೆ ಇನ್ನೂ ಕಲಿಯದ ಶಿಸ್ತನ್ನು ಅದನ್ನು ಆಡುವವರು ಮೊದಲೇ ಕಲಿತಿರಬಹುದು.

ನಾನು ಬರೆಯುವ ಭಾಷೆಯ ಕತೆಯೂ ಹೆಚ್ಚುಕಮ್ಮಿ ಹಾಗೆಯೇ. ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ಕಟ್ಟಿದರು. ಅದು ಯಾರನ್ನೂ ಬೇಡ ಎನ್ನದ ಭಾಷೆ. ಅಂಕಿಗೆ ಅಕ್ಷರ ಕೂಡಿಸಿದರೂ ಕೂಡಿಸಿಕೊಡುತ್ತದೆ. ಅದರ ಮೇಲೆ ಟೈಪುಗಳ ಹೊದಿಕೆ ಹಾಸಿದ ಟೈಪ್‌ಸ್ಕ್ರಿಪ್ಟ್ 2012ರ ಅಕ್ಟೋಬರಿನಲ್ಲಿ ಬಂತು. ಅದನ್ನು ರೂಪಿಸಿದ ತಂಡ ತನ್ನ ಗುರಿಗಳ ಪಟ್ಟಿಯಲ್ಲೇ ಒಂದು ಮಾತು ಬರೆದಿಟ್ಟುಕೊಂಡಿದೆ: ಎಳ್ಳಷ್ಟೂ ಲೋಪವಿಲ್ಲದ ಟೈಪ್ ವ್ಯವಸ್ಥೆ ಕಟ್ಟುವುದು ತಮ್ಮ ಗುರಿಯಲ್ಲ, ಸರಿಯಾಗಿರುವುದಕ್ಕೂ ಕೆಲಸ ಸಾಗುವುದಕ್ಕೂ ನಡುವೆ ಒಂದು ಹದ ಹಿಡಿಯುತ್ತೇವೆ ಎಂದು. ಮೊದಲ ಸಲ ಓದಿದಾಗ ನನಗೆ ನಿರಾಸೆಯಾಯಿತು. ಈಗ ಅದು ಪ್ರಾಮಾಣಿಕ ಮಾತು ಅನ್ನಿಸುತ್ತದೆ. ಕಂಪೈಲರ್ ಎಲ್ಲರಿಗೂ ಸೇರಿದ್ದು, ಅದರ ಹದ ಎಲ್ಲರಿಗೂ ಆಗಬೇಕು. ನಮ್ಮ ಮನೆಯ ಹದವನ್ನು ನಾವು ಲಿಂಟ್ ನಿಯಮಗಳಲ್ಲಿ ಬರೆದುಕೊಳ್ಳಬೇಕು. ನಿಕೊಲಸ್ ಝಾಕಸ್ 2013ರಲ್ಲಿ ಶುರುಮಾಡಿದ ಇಎಸ್‌ಲಿಂಟ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದರಲ್ಲಿ ಒಂದೊಂದು ನಿಯಮವೂ ಬಿಡಿ. ಬೇಕಾದ್ದನ್ನು ಹಚ್ಚಬಹುದು, ಬೇಡದ್ದನ್ನು ಆರಿಸಬಹುದು, ಇಲ್ಲದ್ದನ್ನು ನಾವೇ ಬರೆದು ಸೇರಿಸಬಹುದು.

ನಿಯಮಗಳಲ್ಲಿ ನನ್ನ ಅಚ್ಚುಮೆಚ್ಚಿನವು ಐದು. 'ನೋ-ಅನ್‌ಸೇಫ್' ಎಂದು ಶುರುವಾಗುವ ಅಣ್ಣತಮ್ಮಂದಿರು. ಅವುಗಳ ಕೆಲಸ ತಿಳಿಯಬೇಕಾದರೆ ಡೈರಿಯ ಬಾಗಿಲಿಗೆ ಬರಬೇಕು.

ಬೆಳಗಿನ ಆರು ಗಂಟೆಗೆ ನಮ್ಮೂರ ಡೈರಿಯ ಮುಂದೆ ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ಕಾರ್ಯದರ್ಶಿಯವರು ಒಬ್ಬೊಬ್ಬರ ಪಾತ್ರೆಯ ಮುಚ್ಚಳ ತೆಗೆದು ಮೊದಲು ಮೂಸುತ್ತಾರೆ. ಆಮೇಲೆ ಚೂರು ಹಾಲು ತೆಗೆದು ಫ್ಯಾಟ್ ನೋಡುತ್ತಾರೆ. ಅದೆಲ್ಲ ಆದಮೇಲೆಯೇ ಹಾಲು ದೊಡ್ಡ ಕ್ಯಾನಿಗೆ ಬೀಳುವುದು. ಒಬ್ಬರ ಮನೆಯ ಹುಳಿ ತಿರುಗಿದ ಹಾಲು ಆ ಕ್ಯಾನಿಗೆ ಬಿದ್ದರೆ ಅಷ್ಟೂ ಮನೆಗಳ ಹಾಲು ಒಡೆದು ಹೋಗುತ್ತದೆ. ಬಿದ್ದಮೇಲೆ ಯಾರ ಹಾಲು ಯಾವುದು ಎಂದು ಬೇರೆ ಮಾಡಲು ಬಾರದು.

ಟೈಪ್‌ಸ್ಕ್ರಿಪ್ಟ್‌ನಲ್ಲಿ 'ಎನಿ' ಎಂಬ ಟೈಪ್ ಒಂದಿದೆ. ಏನಾದರೂ ಸರಿ ಎಂದು ಅದರ ಅರ್ಥ. ಅದನ್ನು ಹಚ್ಚಿದ ಹೆಸರಿನ ಮೇಲೆ ಕಂಪೈಲರ್ ಕಣ್ಣು ಮುಚ್ಚಿಕೊಳ್ಳುತ್ತದೆ. ನೀವೇ ಕೈಯಾರೆ ಬರೆಯಬೇಕೆಂದಿಲ್ಲ, ಹೊರಗಿನಿಂದ ಬಂದ ಮಾಹಿತಿಯನ್ನು ಜೇಸನ್ ರೂಪದಿಂದ ಬಿಚ್ಚಿದರೆ ಕೈಗೆ ಸಿಗುವುದೇ ಎನಿ. ಅದನ್ನು ಒಂದು ಹೆಸರಿಗೆ ಕೊಡುತ್ತೀರಿ. ಅದರ ಒಳಗಿನ ಒಂದು ಭಾಗ ತೆಗೆಯುತ್ತೀರಿ, ಆ ಭಾಗವೂ ಎನಿ. ಅದನ್ನು ಕರೆಯುತ್ತೀರಿ, ಬಂದ ಉತ್ತರವೂ ಎನಿ. ಆ ಉತ್ತರವನ್ನು ಇನ್ನೊಂದು ಫಂಕ್ಷನ್ನಿನ ಕೈಗೆ ಕೊಡುತ್ತೀರಿ, ಕೊನೆಗೆ ಹಿಂದಿರುಗಿಸುತ್ತೀರಿ. ಐದು ಹೆಜ್ಜೆಯಲ್ಲಿ ಒಂದು ಪ್ರೋಗ್ರಾಮಿನ ಅರ್ಧ ಭಾಗ ಹುಳಿಯಾಗಿರುತ್ತದೆ, ಎಲ್ಲೂ ಒಂದು ಎಚ್ಚರಿಕೆಯೂ ಬಂದಿರುವುದಿಲ್ಲ. ನೋ-ಅನ್‌ಸೇಫ್-ಅಸೈನ್‌ಮೆಂಟ್, ಮೆಂಬರ್-ಆಕ್ಸೆಸ್, ಕಾಲ್, ಆರ್ಗ್ಯುಮೆಂಟ್, ರಿಟರ್ನ್ ಎಂಬ ಈ ಐದು ನಿಯಮಗಳ ಹೆಸರನ್ನು ಸಾಲಾಗಿ ಓದಿದರೆ ಎನಿ ನಡೆದುಹೋಗುವ ದಾರಿಯೇ ಕಾಣುತ್ತದೆ. ದಾರಿಯ ಪ್ರತಿ ತಿರುವಿನಲ್ಲೂ ಒಬ್ಬೊಬ್ಬರನ್ನು ನಿಲ್ಲಿಸಿದ ಹಾಗೆ.

ಇವು ಕೆಲಸ ಮಾಡಲು ಬರೀ ಅಕ್ಷರ ಓದಿದರೆ ಸಾಲದು. ಯಾವ ಹೆಸರು ಎಲ್ಲಿಂದ ಏನು ಹೊತ್ತು ತಂದಿದೆ ಎಂದು ಕಂಪೈಲರನ್ನೇ ಕೇಳಬೇಕು. ಹಾಗೆ ಕೇಳಿ ನಡೆಯುವ ನಿಯಮಗಳು ನಿಧಾನ. ದೊಡ್ಡ ಪ್ರೋಗ್ರಾಮುಗಳಲ್ಲಿ ಆ ನಿಧಾನಕ್ಕೆ ಬೇಸತ್ತು ಅವನ್ನು ಆರಿಸಿಬಿಡುವವರನ್ನು ಕಂಡಿದ್ದೇನೆ. ನಾನು ಕಾಯುತ್ತೇನೆ. ಕಾಫಿ ಒಲೆಯ ಮೇಲಿಡುವಷ್ಟು ಹೊತ್ತು ಸಿಗುತ್ತದೆ.

ಎನಿಯ ಎದುರಿಗೆ 'ಅನ್‌ನೋನ್' ಎಂಬ ಇನ್ನೊಂದು ಟೈಪ್ ಇದೆ. 2018ರಲ್ಲಿ, ಟೈಪ್‌ಸ್ಕ್ರಿಪ್ಟ್‌ನ ಮೂರನೇ ಆವೃತ್ತಿಯಲ್ಲಿ ಬಂತು. ಅದರ ಅರ್ಥ, ಗೊತ್ತಿಲ್ಲ. ಏನಾದರೂ ಸರಿ ಎನ್ನುವುದಕ್ಕೂ ಗೊತ್ತಿಲ್ಲ ಎನ್ನುವುದಕ್ಕೂ ಎಷ್ಟು ದೂರ! ಎನಿಯೊಳಕ್ಕೂ ಯಾವ ವಸ್ತುವನ್ನಾದರೂ ಹಾಕಬಹುದು, ಅನ್‌ನೋನಿನೊಳಕ್ಕೂ ಹಾಕಬಹುದು. ಆದರೆ ಅನ್‌ನೋನಿನಿಂದ ಏನನ್ನಾದರೂ ಹೊರತೆಗೆಯಬೇಕಾದರೆ ಮೊದಲು ಪರೀಕ್ಷೆ ಮಾಡಬೇಕು. ಇದು ಅಂಕಿಯೇ? ಈ ಹೆಸರಿನ ಭಾಗ ಇದರಲ್ಲಿ ಇದೆಯೇ? ಪರೀಕ್ಷೆಗೆ ಮುಂಚೆ ಅದು ರೈತರ ಕೈಯಲ್ಲಿರುವ, ಮುಚ್ಚಳ ತೆಗೆಯದ ಪಾತ್ರೆ. ಡೈರಿಯ ಪ್ರೋಗ್ರಾಮಿನಲ್ಲಿ ಫ್ಯಾಟ್ ಯಂತ್ರದಿಂದ ಬರುವ ಮಾಹಿತಿಯನ್ನು ನಾನು ಮೊದಲು ಎನಿ ಎಂದೇ ಬರೆದಿದ್ದೆ. ನಿಯಮಗಳನ್ನು ಹಚ್ಚಿದ ದಿನ 600ಕ್ಕೂ ಮೇಲೆ ಕೆಂಪು ಗೆರೆ ಎದ್ದವು. ಒಂದೇ ಒಂದು ಜಾಗದಲ್ಲಿ ಎನಿಯನ್ನು ಅನ್‌ನೋನ್ ಮಾಡಿ, ಅಲ್ಲೇ ಬಾಗಿಲಲ್ಲಿ ಪರೀಕ್ಷೆಯ ಹತ್ತು ಸಾಲು ಬರೆದೆ. ನೂರಾರು ಗೆರೆಗಳು ಒಟ್ಟಿಗೆ ಮಾಯವಾದವು. ಆ ಕ್ಷಣ ಎದ್ದು ಹೋಗಿ ಕಿಟಕಿ ತೆಗೆದು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಬೀದಿಯಲ್ಲಿ ಹೂವಿನವರು ಕೂಗುತ್ತಾ ಹೋಗುತ್ತಿದ್ದರು.

ಇನ್ನು ಲೀಟರಿನ ಕತೆ. ಇದು ನನ್ನದೇ ತಪ್ಪು.

ಹಾಲು ನೀರಿಗಿಂತ ಚೂರು ತೂಕ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 100 ಕಿಲೋ ಹಾಲೆಂದರೆ ಹೆಚ್ಚುಕಮ್ಮಿ 97 ಲೀಟರ್. ಡೈರಿಗೆ ಹೊಸ ತೂಕದ ಯಂತ್ರ ಬಂದಾಗ ಅದು ಕಿಲೋದಲ್ಲಿ ತೋರಿಸುತ್ತಿತ್ತು. ಕರೆಂಟ್ ಹೋದಾಗ ಹಳೆಯ ಲೀಟರ್ ಅಳತೆಯಲ್ಲಿ ಅಳೆದು ಕೈಯಲ್ಲಿ ಬರೆಯುತ್ತಿದ್ದರು. ನನ್ನ ಪ್ರೋಗ್ರಾಮ್ ಎರಡನ್ನೂ ಅಂಕಿ ಎಂದು ತೆಗೆದುಕೊಂಡು, ಕೂಡಿ, ಲೀಟರಿನ ದರದಿಂದ ಗುಣಿಸುತ್ತಿತ್ತು. ಒಂದು ವಾರ ಕಳೆದಮೇಲೆ ಕಾರ್ಯದರ್ಶಿಯವರ ಫೋನ್ ಬಂತು.

"ನೋಡಪ್ಪ, ಶೀತಲ ಕೇಂದ್ರಕ್ಕೆ ಕಳಿಸಿದ್ದು 400 ಲೀಟರ್. ನಿನ್ನ ಕಂಪ್ಯೂಟರು 412 ಅಂತದೆ. ಹನ್ನೆರಡು ಲೀಟರ್ ಹಾಲು ಎಲ್ಲಿಂದ ಬಂತು?"

"ಎಲ್ಲಾ ದಿನಾನೂ ಹನ್ನೆರಡೇನಾ ಅಣ್ಣ?"

"ಇಲ್ಲ. ಅದೇ ನನಗೂ ಸೋಜಿಗ. ಕರೆಂಟ್ ಹೋದ ದಿನ ಲೆಕ್ಕ ಸರಿಯಾಗಿ ಬತ್ತದೆ."

ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು. ಫೋನ್ ಇಡುವ ಮುಂಚೆಯೇ ನನ್ನ ಕೈ ತಣ್ಣಗಾಯಿತು. ಬಟವಾಡೆಗೆ ಇನ್ನೂ ಎರಡು ದಿನವಿತ್ತು, ಲೆಕ್ಕವನ್ನು ಸರಿಮಾಡಿಕೊಟ್ಟೆ. ಸಂಘದ ಹಣ ಉಳಿಯಿತು. ಆದರೆ ಮೂವತ್ತು ವರ್ಷದ ಅನುಭವವಿದ್ದ ಮನುಷ್ಯರ ಕಣ್ಣಿಗೆ ಬೀಳದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಹಳ ದಿನ ಬಿಡಲಿಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಕಳೆದುಹೋದದ್ದೂ ಇಂಥ ತಪ್ಪಿನಿಂದಲೇ. ಭೂಮಿಯ ಮೇಲಿನ ಒಂದು ಪ್ರೋಗ್ರಾಮ್ ಪೌಂಡಿನ ಅಳತೆಯಲ್ಲಿ ಲೆಕ್ಕ ಕೊಟ್ಟಿತ್ತು, ದಾರಿ ನೋಡುವವರು ಅದನ್ನು ನ್ಯೂಟನ್ ಎಂದು ಓದಿಕೊಂಡಿದ್ದರು. ಅಂಕಿ ಎರಡೂ ಕಡೆ ಅಂಕಿಯೇ.

ಮೂರು ಮತ್ತು ಮೂವರು! ಎಣಿಕೆಯೊಳಗೇ ಬಗೆಯನ್ನು ಹೊಲಿದುಬಿಡಬೇಕಿತ್ತು. ಟೈಪ್‌ಸ್ಕ್ರಿಪ್ಟ್‌ನಲ್ಲಿ ಲೀಟರ್, ಕಿಲೋ ಎಂದು ಎರಡು ಹೆಸರಿಟ್ಟ ಮಾತ್ರಕ್ಕೆ ಅವು ಬೇರೆಯಾಗುವುದಿಲ್ಲ. ಆ ಭಾಷೆ ನೋಡುವುದು ಆಕಾರವನ್ನು, ಎರಡರ ಆಕಾರವೂ ಅಂಕಿ. ಅದಕ್ಕೆ ಒಂದು ಉಪಾಯವಿದೆ. ಅಂಕಿಯ ಟೈಪಿಗೆ ಒಂದು ಸುಳ್ಳುಭಾಗವನ್ನು ಅಂಟಿಸುವುದು, ದನದ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹಾಕಿದ ಹಾಗೆ. ಪ್ರೋಗ್ರಾಮ್ ಓಡುವಾಗ ಆ ಬಿಲ್ಲೆ ಇರುವುದೇ ಇಲ್ಲ, ಓದುವಾಗ ಮಾತ್ರ ಇರುತ್ತದೆ. ಲೀಟರ್ ಬೇಡುವ ಫಂಕ್ಷನ್ನಿಗೆ ಕಿಲೋ ಕೊಟ್ಟರೆ ಈಗ ಕಂಪೈಲರ್ ತಡೆಯುತ್ತದೆ. ನನಗೆ ಸಮಾಧಾನವಾಯಿತು, ಆದರೆ ಹೆಚ್ಚು ದಿನ ಅಲ್ಲ. ಬಿಲ್ಲೆ ಇದ್ದರೂ ಲೀಟರಿಗೆ ಕಿಲೋ ಕೂಡಿಸುವುದನ್ನು ಕಂಪೈಲರ್ ತಡೆಯುವುದಿಲ್ಲ. ಕೂಡುವ ಚಿಹ್ನೆಗೆ ಎರಡೂ ಕಡೆ ಅಂಕಿ ಇದ್ದರೆ ಸಾಕು, ಕಿವಿಯ ಬಿಲ್ಲೆಯನ್ನು ಅದು ನೋಡುವುದಿಲ್ಲ. ನನ್ನ ತಪ್ಪು ನಡೆದದ್ದೇ ಕೂಡುವುದರಲ್ಲಿ.

ಹಾಗಾಗಿ ಮೊದಲ ಬಾರಿಗೆ ನಾನೇ ಒಂದು ನಿಯಮ ಬರೆದೆ.

ಲಿಂಟ್ ನಿಯಮ ಬರೆಯುವ ಕೆಲಸದ ರುಚಿಯೇ ಬೇರೆ. ಅಲ್ಲಿ ಕೋಡು ಅಕ್ಷರಗಳ ಸಾಲಾಗಿ ಉಳಿಯುವುದಿಲ್ಲ, ಮರವಾಗುತ್ತದೆ. ಒಂದೊಂದು ವಾಕ್ಯವೂ ಒಂದು ಕೊಂಬೆ. ಕೂಡುವಿಕೆ ಒಂದು ಕವಲು, ಅದರ ಎಡಕ್ಕೆ ಒಂದು ಎಲೆ, ಬಲಕ್ಕೆ ಒಂದು ಎಲೆ. ನಾನು ಹೇಳಬೇಕಾದದ್ದು ಇಷ್ಟು: ಮರದ ಮೇಲೆ ನಡೆಯುತ್ತಾ ಹೋಗು, ಕೂಡುವ ಕವಲು ಸಿಕ್ಕಿದರೆ ನನ್ನನ್ನು ಎಬ್ಬಿಸು. ಆಗ ನಾನು ಎಡಗಡೆಯ ಬಿಲ್ಲೆ ಏನು, ಬಲಗಡೆಯ ಬಿಲ್ಲೆ ಏನು ಎಂದು ಕಂಪೈಲರನ್ನು ಕೇಳುತ್ತೇನೆ. ಬೇರೆಬೇರೆಯಾಗಿದ್ದರೆ ಗೆರೆ ಎಳೆಯುತ್ತೇನೆ. ಇಡೀ ನಿಯಮ ನಲವತ್ತು ಸಾಲು ದಾಟಲಿಲ್ಲ. ಅದಕ್ಕಿಂತ ಮುಂಚೆ ಬರೆಯುವುದು ಪರೀಕ್ಷೆಗಳನ್ನು. ಎರಡು ಪಟ್ಟಿ: ಇವು ಸರಿ, ಇವು ತಪ್ಪು. ಲೀಟರಿಗೆ ಲೀಟರ್ ಕೂಡಿದರೆ ಸರಿ. ಕಿಲೋಗೆ ಕಿಲೋ ಕೂಡಿದರೆ ಸರಿ. ಲೀಟರಿಗೆ ಕಿಲೋ ಕೂಡಿದರೆ ತಪ್ಪು. ಲೀಟರಿಗೆ ಬಿಲ್ಲೆಯಿಲ್ಲದ ಬರೀ ಅಂಕಿ ಕೂಡಿದರೆ? ಇಲ್ಲಿ ನಿಂತೆ. ಅರ್ಧ ಗಂಟೆ ನಿಂತೆ. ಯಾವುದು ತಪ್ಪು ಎಂದು ಯಂತ್ರಕ್ಕೆ ಹೇಳಲು ಹೊರಟಾಗಲೇ ಅದು ನನಗೇ ಸ್ಪಷ್ಟವಾಗಿರಲಿಲ್ಲ ಎಂದು ತಿಳಿಯುವುದು. ಕೊನೆಗೆ ತಪ್ಪು ಎಂದೇ ತೀರ್ಮಾನಿಸಿದೆ. ಬಿಲ್ಲೆಯಿಲ್ಲದ ದನ ದೊಡ್ಡಿಗೆ ಬರಕೂಡದು.

ನಿಯಮ ಸಿದ್ಧವಾಯಿತು, ಪರೀಕ್ಷೆಗಳೆಲ್ಲ ಹಸಿರು. ಅದನ್ನು ತಪ್ಪು ತಿದ್ದುವ ಮುಂಚಿನ ಹಳೆಯ ಕೋಡಿನ ಪ್ರತಿಗೆ, ಹೆಸರುಗಳಿಗೆ ಬಿಲ್ಲೆ ಹಾಕಿ, ಕಟ್ಟಿದೆ. ಆ ತಪ್ಪನ್ನು ಅದು ಹಿಡಿಯುತ್ತದೆಯೇ ನೋಡಬೇಕಿತ್ತು. ಒಂದು ಗೆರೆಯೂ ಏಳಲಿಲ್ಲ. ಮತ್ತೆ ಓಡಿಸಿದೆ, ಮೌನ. ಆ ಸಾಲನ್ನೇ ಬಿಚ್ಚಿ ಮರ ನೋಡಿದಾಗ ಗೊತ್ತಾಯಿತು. ದಿನದ ಮೊತ್ತವನ್ನು ನಾನು ಕೂಡಿಸಿಕೊಂಡು ಹೋದದ್ದು ಕೂಡುವ ಚಿಹ್ನೆಯ ಪಕ್ಕ ಸಮಚಿಹ್ನೆ ಹಾಕಿ ಬರೆಯುವ ಅಡ್ಡದಾರಿಯ ರೂಪದಲ್ಲಿ. ಮನುಷ್ಯರ ಕಣ್ಣಿಗೆ ಅದೂ ಕೂಡುವುದೇ. ಮರದಲ್ಲಿ ಅದು ಬೇರೆ ಕೊಂಬೆ, ಅದರ ಹೆಸರು 'ಅಸೈನ್‌ಮೆಂಟ್'. ನನ್ನ ಕಾವಲುಗಾರ ಒಂದು ಬೀದಿ ಕಾಯುತ್ತಿದ್ದ, ಹಾಲು ಇನ್ನೊಂದು ಬೀದಿಯಲ್ಲಿ ಬರುತ್ತಿತ್ತು. ಎರಡನೇ ಕೊಂಬೆಯನ್ನೂ ಸೇರಿಸಿ ಓಡಿಸಿದಾಗ ಸರಿಯಾಗಿ ಆ ಸಾಲಿನ ಕೆಳಗೆ, ಆ ಒಂದೇ ಸಾಲಿನ ಕೆಳಗೆ, ಕೆಂಪು ಗೆರೆ ಅಲೆಯಾಗಿ ಎದ್ದಿತು. ಒಂದು ವಾರ ಯಾರಿಗೂ ಕಾಣದೆ ಕೂತಿದ್ದ ತಪ್ಪಿಗೆ ಒಂದು ಹೆಸರು, ಒಂದು ಜಾಗ, ಒಂದು ಸಾಲುಸಂಖ್ಯೆ ಸಿಕ್ಕಿತು. ಅಂಥ ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಸೊನ್ನೆಯದು ಇನ್ನೊಂದು ವಿಚಾರ. ಡೈರಿಯ ಹಳೆಯ ಪುಸ್ತಕದಲ್ಲಿ ಎರಡು ಬಗೆಯ ಖಾಲಿ ಇವೆ. ಸದಸ್ಯರು ಆ ಹೊತ್ತು ಹಾಲು ತರದಿದ್ದರೆ ಅಡ್ಡಗೆರೆ. ತಂದ ಹಾಲು ಹುಳಿಯಾಗಿ ವಾಪಸ್ ಹೋಗಿದ್ದರೆ ಸೊನ್ನೆ. ಕಾರ್ಯದರ್ಶಿಯವರು ಇವೆರಡನ್ನೂ ಎಂದೂ ಬೆರೆಸಿಲ್ಲ. ಜಾವಾಸ್ಕ್ರಿಪ್ಟ್ ಬೆರೆಸುತ್ತದೆ. 'ಇದು ಇಲ್ಲದಿದ್ದರೆ ಅದು' ಎಂದು ಹಳೆಯ ಚಿಹ್ನೆಯಲ್ಲಿ ಬರೆದರೆ ಸೊನ್ನೆಯನ್ನೂ ಅದು ಇಲ್ಲದಿರುವಿಕೆ ಎಂದೇ ತಿಳಿಯುತ್ತದೆ. ಫ್ಯಾಟ್ ದಾಖಲಾಗದಿದ್ದರೆ ನಿನ್ನೆಯದನ್ನು ಹಿಡಿ ಎಂದು ನಾನು ಬರೆದಿದ್ದೆ. ಸೊನ್ನೆ ಎಂದು ದಾಖಲಾದವರಿಗೂ ನಿನ್ನೆಯದೇ ಹೋಗುತ್ತಿತ್ತು. 'ಪ್ರಿಫರ್-ನಲ್ಲಿಶ್-ಕೋಲೆಸಿಂಗ್' ಎಂಬ ನಿಯಮ ಆ ಚಿಹ್ನೆಯ ಕೆಳಗೆ ಗೆರೆ ಎಳೆದು, ಇಲ್ಲದಿರುವುದನ್ನು ಮಾತ್ರ ಇಲ್ಲ ಎನ್ನುವ ಎರಡು ಪ್ರಶ್ನಾರ್ಥಕ ಚಿಹ್ನೆಯ ರೂಪವನ್ನು ಸೂಚಿಸಿತು. ಒಂದು ಮರದ ಮೇಜಿನ ಮೇಲೆ ನೀಲಿ ಪೆನ್ನಿನಲ್ಲಿ ಮೂವತ್ತು ವರ್ಷದಿಂದ ಕಾಯ್ದುಕೊಂಡು ಬಂದಿದ್ದ ಭೇದವನ್ನು ನನ್ನ ಪರದೆ ಅವತ್ತು ಕಲಿಯಿತು.

ಕಾಯಬೇಕಾದ ಕೆಲಸಗಳ ನಿಯಮಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಇವರು ಸದಸ್ಯರೇ ಎಂದು ದತ್ತಸಂಚಯವನ್ನು ಕೇಳುವ ಫಂಕ್ಷನ್ನಿಗೆ ಉತ್ತರ ಕೊಡಲು ಸಮಯ ಬೇಕು. ಕೊಡುವವರೆಗೆ ಅದು ಕೈಗಿಡುವುದು ಒಂದು ಭರವಸೆ, ಪ್ರಾಮಿಸ್. ಕಾಯುವುದನ್ನು ಮರೆತು ಆ ಭರವಸೆಯನ್ನೇ ಉತ್ತರ ಎಂದುಕೊಂಡು ಪರೀಕ್ಷಿಸಿದರೆ ಯಾವಾಗಲೂ ಹೌದು ಎಂದೇ ಬರುತ್ತದೆ, ದಾರಿಹೋಕರೂ ಸದಸ್ಯರಾಗುತ್ತಾರೆ. 'ನೋ-ಮಿಸ್‌ಯೂಸ್ಡ್-ಪ್ರಾಮಿಸಸ್' ಅದನ್ನು ಹಿಡಿಯುತ್ತದೆ. ಯಾವ ಹೊಸ ಪ್ರೋಗ್ರಾಮಿಗಾದರೂ ನಾನು ಮೊದಲು ಹಚ್ಚುವ ನಿಯಮಗಳಲ್ಲಿ ಅದೊಂದು.

ಎಲ್ಲ ಗೆರೆಯೂ ಸರಿಯೇ ಎಂದು ನಾನು ಹೇಳಲಾರೆ. ನಿಯಮಕ್ಕೆ ತಿಳಿಯದ ಸಂಗತಿ ನನಗೆ ತಿಳಿದಿರುತ್ತದೆ ಕೆಲವು ಸಲ. ಅಂಥ ಕಡೆ ಗೆರೆಯನ್ನು ಸುಮ್ಮನಾಗಿಸಲು ಒಂದು ಟಿಪ್ಪಣಿ ಬರೆಯುವ ಪದ್ಧತಿ ಇದೆ, ಮತ್ತದು ಹಳೆಯದು. ಜಾನ್ಸನ್ನರ ಲಿಂಟ್‌ನಲ್ಲೇ 'ಇಲ್ಲಿಗೆ ಪ್ರೋಗ್ರಾಮ್ ಬರುವುದೇ ಇಲ್ಲ' ಎಂದು ತಿಳಿಸುವ ನಾಟ್‌ರೀಚ್ಡ್, ಬಳಸದ ಅಂಶಗಳಿಗೆ ಆರ್ಗ್ಸ್‌ಯೂಸ್ಡ್ ಎಂಬ ಟಿಪ್ಪಣಿಗಳಿದ್ದವು. ಕಟ್ಟುನಿಟ್ಟು ಹುಟ್ಟಿದ ದಿನವೇ ವಿನಾಯಿತಿಯೂ ಹುಟ್ಟಿತ್ತು.

ಕನ್ನಡದ ವ್ಯಾಕರಣ ಓದಿದವರಿಗೆ ಇದು ಪರಿಚಿತ ದಾರಿ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡುವುದನ್ನು ದೋಷವೆಂದ. ಅರಿಸಮಾಸ ಎಂದು ಅದಕ್ಕೆ ಹೆಸರು, ಶತ್ರುಗಳ ಸಮಾಸ. ದಿನಗೂಲಿ ಎಂದರೆ ಯಾರಿಗೆ ತಿಳಿಯದು? ಕೇಳಿದವರಿಗೆ ಅರ್ಥವಾಗುತ್ತದೆ, ಮಾತು ಓಡುತ್ತದೆ. ಆದರೂ ವ್ಯಾಕರಣಕಾರನ ಕಿವಿಗೆ ಅಲ್ಲಿ ಎರಡು ಬಗೆಯ ವಸ್ತುಗಳು ತಾಳೆಯಿಲ್ಲದೆ ಅಂಟಿಕೊಂಡದ್ದು ಕೇಳಿಸುತ್ತದೆ. ಹಾಗೆಂದು ಅವನು ಬಾಗಿಲು ಪೂರ್ತಿ ಮುಚ್ಚಲಿಲ್ಲ. ಬಿರುದಾವ‍ಳಿಗಳಲ್ಲಿ, ಹಿಂದಿನ ಕವಿಗಳು ಬಳಸಿದ ಕಡೆ ಸಲ್ಲುತ್ತದೆ ಎಂದ. ನಾನು ಮೆಚ್ಚುವುದು ಆ ವಿನಾಯಿತಿಯ ರೀತಿಯನ್ನು. ಎಲ್ಲಿ ಸಲ್ಲುತ್ತದೆ, ಏಕೆ ಸಲ್ಲುತ್ತದೆ ಎಂದು ಬರೆದಿಟ್ಟೇ ಬಿಟ್ಟುಕೊಟ್ಟಿದ್ದಾನೆ. ಇಂದು ಅರಿಸಮಾಸದ ನಿಯಮವನ್ನು ಯಾರೂ ಅಷ್ಟಾಗಿ ಪಾಲಿಸುವುದಿಲ್ಲ, ಪಾಲಿಸಬೇಕೆಂಬ ಹಟ ನನಗೂ ಇಲ್ಲ. ನಿಯಮಕ್ಕೂ ಆಯುಸ್ಸು ಇರುತ್ತದೆ. ಟೈಪ್‌ಸ್ಕ್ರಿಪ್ಟ್‌ಗೆಂದೇ ಇದ್ದ ಟಿಎಸ್‌ಲಿಂಟ್ ಎಂಬ ಸಾಧನವನ್ನೇ ಅದರ ತಂಡದವರು 2019ರಲ್ಲಿ ನಿಲ್ಲಿಸಿ, ಇಎಸ್‌ಲಿಂಟ್ ಕಡೆಗೆ ಹೋಗಿ ಎಂದು ದಾರಿ ತೋರಿಸಿದರು.

ಹಾಗಾಗಿ ನನ್ನ ಪ್ರೋಗ್ರಾಮಿನಲ್ಲಿ ಗೆರೆಯನ್ನು ಸುಮ್ಮನಾಗಿಸುವ ಟಿಪ್ಪಣಿ ಇದ್ದರೆ ಅದರ ಪಕ್ಕ ಕಾರಣ ಇರಲೇಬೇಕು. ಅದಕ್ಕೂ ಒಂದು ನಿಯಮ ಹಾಕಿಕೊಂಡಿದ್ದೇನೆ. ಕಂಪೈಲರನ್ನು ಸುಮ್ಮನಾಗಿಸಲು ಎರಡು ಮಾತಿವೆ. 'ಟಿಎಸ್-ಇಗ್ನೋರ್' ಎಂದರೆ ಮುಂದಿನ ಸಾಲನ್ನು ನೋಡಬೇಡ. 'ಟಿಎಸ್-ಎಕ್ಸ್‌ಪೆಕ್ಟ್-ಎರರ್' ಎಂದರೆ ಮುಂದಿನ ಸಾಲಿನಲ್ಲಿ ತಪ್ಪಿದೆ, ನನಗೆ ಗೊತ್ತು. ಎರಡನೆಯದರ ಗುಣ ದೊಡ್ಡದು. ಯಾವತ್ತಾದರೂ ಆ ತಪ್ಪು ತಾನಾಗಿಯೇ ಸರಿಹೋದರೆ, ಇಲ್ಲಿ ಈಗ ತಪ್ಪಿಲ್ಲ, ಈ ಟಿಪ್ಪಣಿ ತೆಗೆ ಎಂದು ಅದೇ ಹೇಳುತ್ತದೆ. ನಾನು ಮೊದಲನೆಯದನ್ನು ಪೂರ್ತಿ ನಿಷೇಧಿಸಿದ್ದೇನೆ. ಎರಡನೆಯದು ಇಡೀ ಪ್ರೋಗ್ರಾಮಿನಲ್ಲಿ ಮೂರು ಕಡೆ ಇದೆ, ಮೂರಕ್ಕೂ ಕನ್ನಡದಲ್ಲಿ ಕಾರಣ ಬರೆದಿದೆ. ಒಂದು ಫ್ಯಾಟ್ ಯಂತ್ರ ತಯಾರಿಸಿದವರು ಕೊಟ್ಟ ಟೈಪುಗಳಲ್ಲಿನ ಲೋಪದ ಬಗ್ಗೆ. ಇನ್ನೆರಡು ಹಳೆಯ ಪುಸ್ತಕದಿಂದ ಲೆಕ್ಕ ತುಂಬಿದ ವರ್ಷದ ದಾಖಲೆಗಳ ಬಗ್ಗೆ.

ಹೋದ ತಿಂಗಳು ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಡೈರಿಯ ಬೆಂಚಿನ ಮೇಲೆ ಕೂತಿದ್ದೆ. ಕಾರ್ಯದರ್ಶಿಯವರು ಬೆಳಗಿನ ಕ್ಯಾನುಗಳನ್ನು ಗಾಡಿಗೆ ಹತ್ತಿಸಿ ಬಂದು ಪಕ್ಕ ಕೂತರು. "ಅದೇನಪ್ಪ ಕೆಂಪಗೆ?" ಎಂದರು. ಲೀಟರಿಗೆ ಕಿಲೋ ಕೂಡಿದರೆ ಹೀಗೆ ಗೆರೆ ಬೀಳುತ್ತದೆ ಎಂದು ಬೇಕೆಂದೇ ತಪ್ಪು ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಫೀಡು ಕಡಿಯೋದು ಇದೇ ಪ್ರೋಗ್ರಾಮೇ ಅಲ್ವಾ? ಅದರಲ್ಲಿ ಮೂಟೆ, ಕೆಜಿ ಎರಡೂ ಬತ್ತದೆ, ಅದನ್ನೂ ನೋಡಿದ್ದೀಯಾ?" ಎಂದು ಕೇಳಿದರು.

ನೋಡಿರಲಿಲ್ಲ. ಸದಸ್ಯರು ಸಂಘದಿಂದ ಪಶು ಆಹಾರದ ಮೂಟೆ ಕೊಂಡಾಗ ಅದರ ಹಣವನ್ನು ಬಟವಾಡೆಯಲ್ಲಿ ಕಡಿದುಕೊಳ್ಳುತ್ತಾರೆ. ಕೆಲವರು ಮೂಟೆ ಒಯ್ಯುತ್ತಾರೆ, ಕೆಲವರು ಬಿಡಿಯಾಗಿ ಕೆಜಿಯಲ್ಲಿ. ನನ್ನ ಕೋಡಿನಲ್ಲಿ ಎರಡೂ ಇನ್ನೂ ಬರೀ ಅಂಕಿ. ಈ ಭಾನುವಾರ ಆ ಫೈಲ್ ತೆರೆದಿದ್ದೇನೆ. ಮೂಟೆಗೊಂದು ಬಿಲ್ಲೆ, ಕೆಜಿಗೊಂದು ಬಿಲ್ಲೆ ಹಾಕಿ ಉಳಿಸಿದ ಕೂಡಲೇ ಹದಿನಾಲ್ಕು ಗೆರೆ ಎದ್ದಿವೆ. ಕಾಫಿ ಒಲೆಯ ಮೇಲಿದೆ. ಮೊದಲನೆಯದು 27ನೇ ಸಾಲಿನಲ್ಲಿ, ಮೂಟೆಯನ್ನು ಅದರ ತೂಕದಿಂದ ಗುಣಿಸದೆ ಕೆಜಿಗೆ ಕೂಡಿಸಿದ ಕಡೆ. ಆ ಮೂಟೆಯ ತೂಕ ಎಷ್ಟೆಂದು ಕೋಡಿನಲ್ಲಿ ಎಲ್ಲೂ ಬರೆದಿಲ್ಲ. ಎಂಟು ಗಂಟೆಯಾದ ಮೇಲೆ ಊರಿಗೆ ಫೋನ್ ಮಾಡಿ ಕೇಳಬೇಕು.